ಕಾಗಿಕಾಲು

ಗುರಪಾದಪ್ಪ ಹೂಗಾರ, ಲೈನ್‌ಮನ್,
ತಾಳಿಕೋಟಿ ಸೆಕ್ಷನ್.
ಅವನ ಇಪ್ಪತ್ತೆರಡು ವರ್ಷದ ಲಾಗ್‌ಬುಕ್ಕುಗಳನ್ನು
ಈ ರಾತ್ರಿ ಕಪಾಟಿನಿಂದ ಇಳಿಸಿಕೊಂಡು ಕೂತಿದ್ದೇನೆ,
ಧೂಳಿಗೆ ಸೀನುತ್ತ. ನಾಳೆ ವಿಚಾರಣೆ.

ಮಿಣಜಗಿ ಫೀಡರಿನಲ್ಲೊಂದು ಟಿ.ಸಿ. ಸುಟ್ಟಿತ್ತು.
'ನಡೆದದ್ದು ಒಂದು ಹಾಳಿ ಬರದು ಕೊಡು' ಅಂದರು ಸಾಹೇಬರು.
ಮೂರು ದಿನವಾಯಿತು. ಹಾಳೆ ಬರಲಿಲ್ಲ.
'ಏನೋ ಮುಚ್ಚಿಡಾಕತ್ತಾನ.'
ನಾನೂ ತಲೆಯಾಡಿಸಿದ್ದೆ.

ಹೇಳಿಬಿಡುತ್ತೇನೆ: ನನ್ನದು ದುಂಡನೆಯ ಅಕ್ಷರ.
ಮುದ್ದೇಬಿಹಾಳದ ಹೆಣ್ಣುಮಕ್ಕಳ ಸಾಲಿಯಲ್ಲಿ
ಅದಕ್ಕೊಂದು ಸ್ಟೀಲಿನ ಡಬ್ಬಿ ಬಹುಮಾನ ಬಂದಿತ್ತು,
ಅದರಲ್ಲಿ ಈಗಲೂ ಜೀರಿಗೆ ಇದೆ.
ಅವನ ಪುಟ ಕಂಡಾಗಲೆಲ್ಲ 'ಕಾಗಿಕಾಲು, ಗುಬ್ಬಿಕಾಲು' ಅಂದವಳು ನಾನೇ,
ಚಹಾದ ಹೊತ್ತಿಗೆ, ಎಲ್ಲರೆದುರು.
ಅವನೂ ನಗುತ್ತಿದ್ದ.
ಎಲ್ಲರಿಗಿಂತ ಮೊದಲು ನಗುತ್ತಿದ್ದ.

ಈಗ ಟ್ಯೂಬ್‌ಲೈಟಿನ ಕೆಳಗೆ
ಬೆರಳಿಟ್ಟು ಓದುತ್ತೇನೆ.
ಕಂಬ ಎಂಬುದು ಒಂದೇ ಪುಟದಲ್ಲಿ ಮೂರು ಥರ:
ಕಬಂ, ಕಂಭ, ಮತ್ತೆ ಹೇಗೋ ಕಂಬ.
ವ ಬರೆಯಲು ಹೊರಟ ಕೈ
ನಿಲ್ಲಲಾಗದೆ ಮ-ದವರೆಗೂ ಹೋಗಿದೆ.
ಹೊಟ್ಟೆ ಸೀಳುವುದು ಮರೆತು ಷ
ಬರೇ ಪ ಆಗಿ ಉಳಿದಿದೆ.
ಒತ್ತಕ್ಷರಗಳು ತಮ್ಮ ಮನೆ ಬಿಟ್ಟು
ಪಕ್ಕದ ಮನೆಯ ಕಟ್ಟೆ ಕೆಳಗೆ ನಿಂತಿವೆ.
ಸಾಲು ಎಡಕ್ಕೆ ನೆಟ್ಟಗೆ ಹೊರಟು
ನಡುವೆಯೇ ಇಳಿಜಾರು ಹಿಡಿದಿದೆ
ಡೋಣಿಯ ಸವುಳು ನೀರಿಗೆ ಇಳಿದ ಎಮ್ಮೆಗಳ ಹಾಗೆ.
ಪುಟ ತಿರುವಿ ಅಂಗೈಯಿಂದ ಸವರಿದೆ:
ಪೆನ್ನು ಒತ್ತಿದ ಕುಣಿ
ನಾಲ್ಕು ಹಾಳೆಯಾಚೆಗೂ ಕೈಗೆ ಹತ್ತುತ್ತದೆ.

ಸೋಮಾರಿಯ ಕೈ ಇಷ್ಟು ಒತ್ತುವುದಿಲ್ಲ.

ಆಮೇಲೆ ಎಲ್ಲ ನೆನಪಾಗುತ್ತದೆ.
ಮುಂಗಡದ ಅರ್ಜಿ ಇದ್ದ ದಿನವೇ
ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದ:
'ತಂತಿ ಕೊಯ್ದೈತ್ರಿ ಅಕ್ಕಾರ, ನೀವ ಬರೀರಿ.'
ಸಂಜೆ ಅದೇ ಬೆರಳು, ಬಟ್ಟೆಯಿಲ್ಲದೆ,
ಪಿಂಗಾಣಿಗೆ ತಂತಿ ಬಿಗಿಯುತ್ತಿತ್ತು.
ಬಡ್ತಿಯ ಪರೀಕ್ಷೆಗೆ
ಮೂರು ಸಲವೂ ಅವನಿಗೆ ಜ್ವರ ಬಂದಿತ್ತು.

ಕೋಳಿ ಕೂಗುವ ಹೊತ್ತಿಗೆ ಬಂದ,
ಬೂಟಿನ ತುಂಬ ಎರೆಮಣ್ಣು.
ಮೇಜಿನ ಮೇಲಿನ ಪೆನ್ನು ನೋಡಿ ಬಾಗಿಲಲ್ಲೇ ನಿಂತ.
ಪೆನ್ನನ್ನು ನನ್ನ ಕಡೆ ಎಳೆದುಕೊಂಡೆ.
'ಕೂಡು. ಬರಿಯೂದು ಬ್ಯಾಡ. ಹೇಳು.'

ಹೇಳಿದ:
ಕಂಬ ನಾಕನೂರ ಹದಿನೇಳು, ಪರಸಿ ಖಣಿ ಹಂತ್ಯಾಕ,
ಬಿ ಫೇಸಿನ ಜಂಪರ್ ಸಡ್ಲ ಇತ್ತರಿ.
ಮೊದಲ ಎಣ್ಣಿ ವಾಸನಿ, ಆಮ್ಯಾಲ ಸಪ್ಪಳ.
ಸಪ್ಪಳಕ್ಕೂ ಬೆಂಕಿಗೂ ನಡುವ ನಾ ಹತ್ತು ಎಣಿಸೀನಿ.
ಎಂಟಕ್ಕ ಸ್ವಿಚ್ ಎಳದೀನಿ.
ಬಹುಮಾನದ ಅಕ್ಷರ ಅವನ ಮಾತಿನ ಹಿಂದೆ
ಓಡಿ ಓಡಿ ದಣಿಯಿತು.

ಕೊನೆಗೆ, ಬೂಟು ನೋಡುತ್ತ:
'ಎಣ್ಣಿ ಸೋರಾಕತ್ತೈತಿ ಅಂತ
ಹುಣ್ಣಿವಿ ಮರುದಿನಾನ ಬರದಿದ್ನೆಲ್ರಿ.'

ಹುಣ್ಣಿಮೆಯ ಮರುದಿನದ ಪುಟ ತೆಗೆದೆ.
ಇತ್ತು.
'ಎಣೆ ಸೊರತದ ೪೧೭', ಹಾಳೆ ಹರಿಯುವಷ್ಟು ಒತ್ತಿ,
ಕೆಳಗೆರಡು ಗೆರೆ ಎಳೆದು.
ಬದಿಯಲ್ಲಿ ನನ್ನದೇ ಹಸಿರು ಟಿಕ್ಕು,
ದುಂಡಗೆ.

'ನನ್ನ ತಂಗಿ ಮಗಳು ವಿಜಾಪುರದಾಗ ಇಂಥಾದ್ದ ಕಲಿಸ್ತಾಳ.
ಫೋನ್ ಮಾಡಿದ್ದೆ. ಇದಕ್ಕೊಂದು ಹೆಸರೈತಂತ ಗುರಪಾದಪ್ಪ,
ದೊಡ್ಡವರಿಗೂ ಇರತೈತಂತ, ಸೊಕ್ಕಲ್ಲಂತ.'
ಬಹಳ ಹೊತ್ತು ಸುಮ್ಮನಿದ್ದು ಕೇಳಿದ:
'ಹೆಸರಿನ್ಯಾಗ ಒತ್ತಕ್ಷರ ಎಷ್ಟು ಅದಾವ್ರಿ?'

ನಕ್ಕೆವು. ಈ ಸಲ ಅವನು ತಡವಾಗಿ ನಕ್ಕ.

ಹೇಳಿಕೆಯ ಕೆಳಗೆ ಸಹಿಗೆ ಪೆನ್ನು ಹಿಡಿದ,
ಬೆಲ್ಟಿಲ್ಲದೆ ಕಂಬ ಹತ್ತುವವನ ಹಾಗೆ.
ಹೂ, ಗಾ... ಹೊರಗೆ ಹಾಲಿನ ಗಾಡಿ ಹೋಯಿತು,
ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು, ರ.
ನಾನು ಅವಸರ ಮಾಡಲಿಲ್ಲ.

ಆಮೇಲೆ ಹುಣ್ಣಿಮೆಯ ಪುಟದಲ್ಲಿ,
ಆ ಹಸಿರು ಟಿಕ್ಕಿನ ಪಕ್ಕ,
ಇವತ್ತಿನ ತಾರೀಖು ಹಾಕಿ ಬರೆದೆ:
ಇಂದು ಓದಿದೆ.